ಖಾಲಿ ಡಬ್ಬಿಯ ಬೆರಳು

ಉಬುಂಟು 20.04ರ ತಂತ್ರಾಂಶ ಉಗ್ರಾಣದಲ್ಲಿ ‘ಕ್ರೋಮಿಯಂ-ಬ್ರೌಸರ್’ ಎಂಬ ಪ್ಯಾಕೇಜ್ ಇತ್ತು. ಒಳಗೆ ಬ್ರೌಸರ್ ಇರಲಿಲ್ಲ. ಹಾಕಿಸಿಕೊಂಡರೆ ಆ ಖಾಲಿ ಡಬ್ಬಿ ಸ್ನ್ಯಾಪ್ ಅಂಗಡಿಗೆ ಹೋಗಿ ಅಲ್ಲಿನ ಬ್ರೌಸರನ್ನು ತಂದು ಕೂರಿಸುತ್ತಿತ್ತು.

ಖಾಲಿ ಇರುವುದೇ ತಪ್ಪಲ್ಲ. ಡೆಬಿಯನ್‌ನ ‘ಫಾಂಟ್ಸ್-ಕೆಎನ್‌ಡಿಎ’ ಪ್ಯಾಕೇಜಿನಲ್ಲಿ ಒಂದು ಅಕ್ಷರದ ಆಕಾರವೂ ಇಲ್ಲ. ಆದರೂ ಅದನ್ನು ಹಾಕಿಸಿದರೆ ನವಿಲು, ಲೋಹಿತ್ ಮುಂತಾದ ಕನ್ನಡ ಫಾಂಟುಗಳು ಬರುತ್ತವೆ. ಹೆಸರು ಬದಲಾದ ತಂತ್ರಾಂಶಕ್ಕೂ ಹೀಗೆ ಖಾಲಿ ಡಬ್ಬಿ ಇಡುವುದುಂಟು, ಮನೆ ಬದಲಿಸಿದವರು ಹಳೆಯ ಬಾಗಿಲಿಗೆ ಹೊಸ ವಿಳಾಸ ಅಂಟಿಸಿದಂತೆ. ಆದರೆ ಅವು ಬೆರಳು ತೋರಿಸುವುದು ಅದೇ ಉಗ್ರಾಣದ ಸರಕಿನತ್ತ.

ಕ್ರೋಮಿಯಂ ಡಬ್ಬಿ ತೋರಿಸಿದ್ದು ಉಗ್ರಾಣದ ಹೊರಗೆ, ಕೆನಾನಿಕಲ್ ಒಂದೇ ನಡೆಸುವ ಅಂಗಡಿಯತ್ತ. ಉಬುಂಟುವಿನ ಪ್ರತಿ ಆವೃತ್ತಿಗೂ ಕ್ರೋಮಿಯಂ ಅನ್ನು ಬೇರೆಬೇರೆಯಾಗಿ ಕಟ್ಟುವುದು ಹೊರೆ ಎಂಬುದು ಕಂಪನಿಯ ಕಾರಣ. ಹೊರೆ ನಿಜವೇ. ಆದರೂ ಅಕ್ಕಿ ಕೇಳಿದವರನ್ನು ಬೇರೆ ಅಂಗಡಿಯ ಗಿರಾಕಿ ಮಾಡುವ ಮುನ್ನ ಒಂದು ಮಾತು ಕೇಳಬೇಡವೇ?

ಉಬುಂಟುವಿನ ಮೇಲೆಯೇ ನಿಂತಿರುವ ಲಿನಕ್ಸ್ ಮಿಂಟ್ 2020ರಲ್ಲಿ ಈ ಪ್ರಶ್ನೆ ಎತ್ತಿತು. ಮಿಂಟ್ 20ರಲ್ಲಿ ಸ್ನ್ಯಾಪ್ ತಾನಾಗಿ ಬರದಂತೆ ತಡೆ ಹಾಕಿತು. ಬೇಕೆಂದವರು ಆ ತಡೆಯನ್ನು ತೆಗೆಯಬಹುದಿತ್ತು. ಆಮೇಲೆ ಕ್ರೋಮಿಯಂ ಅನ್ನು ತಾನೇ ಕಟ್ಟಲು ಕೂತಿತು. ಒಂದೊಂದು ಸಲ ಕಟ್ಟುವುದಕ್ಕೂ ಗಂಟೆಗಟ್ಟಲೆ ಬೇಕು.