ಕೊಯಮತ್ತೂರಿನಲ್ಲಿ ಒಂದು ಅಡ್ಡಪೈಪು

ಕೊಯಮತ್ತೂರು ಅಂದ ತಕ್ಷಣ ನಮ್ಮ ಮನೆಗಳಲ್ಲಿ ನೆನಪಾಗೋದು ವೆಟ್ ಗ್ರೈಂಡರ್. ಹಳ್ಳಿ ಕಡೆಯವರಿಗೆ ಪಂಪ್‌ಸೆಟ್. ಆದರೆ ಕಾರ್ ರೇಸಿನ ಹುಚ್ಚಿರುವವರನ್ನು ಕೇಳಿ ನೋಡಿ, ಅವರ ಲೆಕ್ಕದಲ್ಲಿ ಇದು ಬೇರೆಯೇ ಊರು. ಫಾರ್ಮುಲಾ ವನ್ ರೇಸ್ ಓಡಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಇಲ್ಲಿಯವರು. ಮಾರುತಿ 800ರ ಎಂಜಿನ್ ಇಟ್ಟು ಕಡಿಮೆ ಖರ್ಚಿನ ರೇಸ್ ಕಾರು ಕಟ್ಟಿದ ಎಸ್. ಕರಿವರ್ಧನ್ ಕೂಡ ಇಲ್ಲಿಯವರೇ. ಅವರು 1995ರಲ್ಲಿ ಪುಟ್ಟ ವಿಮಾನವೊಂದರ ಅಪಘಾತದಲ್ಲಿ ತೀರಿಕೊಂಡರು. ಊರಾಚೆ ಚೆಟ್ಟಿಪಾಳ್ಯಂನಲ್ಲಿರುವ 2.1 ಕಿಲೋಮೀಟರ್ ಟ್ರ್ಯಾಕಿಗೆ ಅವರದೇ ಹೆಸರು, ಕರಿ ಮೋಟರ್ ಸ್ಪೀಡ್‌ವೇ.

ನಾನು ಹೋಗಿದ್ದು ಹಾಸ್ಟೆಲ್ ಗೆಳೆಯನ ಕಾರಿಗೋಸ್ಕರ. ಇಬ್ಬರೂ ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಸೇರಿದವರು. ನಾನು ಬೆಂಗಳೂರಲ್ಲಿ, ಅವನು ಕೊಯಮತ್ತೂರಲ್ಲಿ. ಅವನು ಟ್ರ್ಯಾಕಿನಲ್ಲಿ ಮಾತ್ರ ಓಡಿಸೋಕೆ ಅಂತ ಹಳೇ ಮಾರುತಿ ಎಸ್ಟೀಮ್ ತಗೊಂಡಿದ್ದಾನೆ. ಅದರೊಳಗೆ ಸೀಟಿನ ಹಿಂದೆ ರೋಲ್ ಬಾರ್ ಇದೆ, ಅಂದ್ರೆ ಗಾಡಿ ಮಗುಚಿದರೂ ಛಾವಣಿ ತಲೆ ಮೇಲೆ ಕುಸಿಯದ ಹಾಗೆ ತಡೆಯುವ ಉಕ್ಕಿನ ಕಮಾನು. ಬಾಕಿ ಇದ್ದದ್ದು ಒಂದೇ. ರೇಸ್ ಹಾರ್ನೆಸ್‌ನ ಎರಡು ಭುಜದ ಪಟ್ಟಿಗಳನ್ನು ಕಟ್ಟೋಕೆ ಆ ಕಮಾನಿನ ಎರಡು ಕಾಲುಗಳ ನಡುವೆ ಒಂದು ಅಡ್ಡಪೈಪು.

ಒಂದು ಪೈಪು ತಾನೇ, ಅರ್ಧ ದಿನದ ಕೆಲಸ ಅಂತೀರಾ? ನಮಗೆ ಶನಿವಾರ, ಭಾನುವಾರ ಎರಡೂ ಹಿಡಿಯಿತು.

ಕೊಯಮತ್ತೂರಿನಲ್ಲಿ ಇಂಥ ಕೆಲಸಕ್ಕೆ ಜಾಗ ಹುಡುಕೋದು ಕಷ್ಟವಿಲ್ಲ. ಗಣಪತಿ, ಪೀಳಮೇಡು ಕಡೆಯ ಒಳರಸ್ತೆಗಳಲ್ಲಿ ನಡೆದರೆ ಒಂದು ಮನೆ, ಒಂದು ಲೇತ್, ಮತ್ತೊಂದು ಮನೆ, ಒಂದು ಫೌಂಡ್ರಿ. ಸುತ್ತ ಹತ್ತಿ ಬೆಳೆಯುತ್ತಿತ್ತು, ಮಿಲ್‌ಗಳು ಬಂದವು. 1930ರ ದಶಕದಲ್ಲಿ ಪೈಕಾರದ ಜಲವಿದ್ಯುತ್ ಸಿಕ್ಕಿ ಅವು ಹೆಚ್ಚಾದವು. ಮಿಲ್ ಯಂತ್ರಗಳನ್ನು ರಿಪೇರಿ ಮಾಡುತ್ತಾ ಕಲಿತ ಕೈಗಳೇ ಮುಂದೆ ಮೋಟರು, ಪಂಪು, ಗ್ರೈಂಡರ್, ಕಾರಿನ ಬಿಡಿಭಾಗ ಮಾಡಿದವು. ರೇಸಿನ ಹುಚ್ಚು ಈ ಊರಲ್ಲಿ ಬೇರೂರಿದ್ದಕ್ಕೆ ಈ ಲೇತ್‌ಗಳೂ ಒಂದು ಕಾರಣ ಅಂತ ನನಗನ್ಸುತ್ತೆ.

ನಾವು ಹೋದ ವರ್ಕ್‌ಶಾಪಿನ ಮೇಸ್ತ್ರಿಗೆ ಅರವತ್ತರ ಆಸುಪಾಸು. ನಮ್ಮಿಬ್ಬರ ಕನ್ನಡ ಕೇಳಿ ಅವರೂ ಕನ್ನಡಕ್ಕೇ ತಿರುಗಿದರು. ದೇವಾಂಗದವರಂತೆ, ನೇಕಾರರ ಮನೆತನ. ಕೊಯಮತ್ತೂರಿನ ಸುತ್ತ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುವ ಇಂಥ ಕುಟುಂಬಗಳು ಬಹಳ ಇವೆ. ಅರ್ಧ ತಮಿಳು ಸೇರಿದ ಅವರ ಕನ್ನಡ ಅರ್ಥವಾಗೋಕೆ ಹತ್ತು ನಿಮಿಷ ಬೇಕಾಯ್ತು, ಆಮೇಲೆ ಸಲೀಸು.

ಗೆಳೆಯ ಮೊದಲು ಕೇಳಿದ್ದು ಸುಲಭದ ದಾರಿ. ಹಿಂದಿನ ಸೀಟ್ ಬೆಲ್ಟಿನ ಬೋಲ್ಟುಗಳು ನೆಲದಲ್ಲಿ ಇದ್ದೇ ಇವೆಯಲ್ಲ, ಪಟ್ಟಿಗಳನ್ನು ಅಲ್ಲಿಗೇ ಕಟ್ಟಿಬಿಟ್ಟರೆ? ಮೇಸ್ತ್ರಿ ಉತ್ತರ ಕೊಡಲಿಲ್ಲ. ಅವನನ್ನು ಸೀಟಲ್ಲಿ ಕೂರಿಸಿ, ಭುಜದ ಮೇಲಿಂದ ಒಂದು ಹಗ್ಗ ಹಾಕಿ, ನೆಲದ ಬೋಲ್ಟಿನ ಹತ್ತಿರ ಹಿಡಿದು ಎಳೆದರು. ಅವನು ಸೀಟಿನೊಳಕ್ಕೆ ಕುಸಿದ. ‘ಡಿಕ್ಕಿಯಾದ್ರೆ ಇದನ್ನೇ ಬೆನ್ನುಮೂಳೆ ತಡ್ಕೋಬೇಕು’ ಅಂದರು.

ಲೆಕ್ಕ ಹಾಕಿದರೆ ಅವರು ಹೇಳಿದ್ದೇ ಸರಿ. ಬೋಲ್ಟು ಸೀಟಿನ ಬೆನ್ನಿನಿಂದ 50 ಸೆಂಟಿಮೀಟರ್ ಹಿಂದೆ, 60 ಸೆಂಟಿಮೀಟರ್ ಕೆಳಗೆ. ಅಂದ್ರೆ ಪಟ್ಟಿ ಸುಮಾರು 50 ಡಿಗ್ರಿ ಇಳಿಯುತ್ತೆ, ಎಳೆತದ ಮುಕ್ಕಾಲು ಪಾಲು ಕೆಳಮುಖ. ಪಟ್ಟಿ 10 ಡಿಗ್ರಿ ಮಾತ್ರ ಇಳಿದರೆ ಕೆಳಮುಖ ಎಳೆತ ಆರರಲ್ಲಿ ಒಂದು ಪಾಲು. ಅಂತರರಾಷ್ಟ್ರೀಯ ಮೋಟರ್ ರೇಸಿಂಗ್ ಸಂಸ್ಥೆ ಎಫ್‌ಐಎ ಈ ಅಡ್ಡಪೈಪಿಗೆ 10ರಿಂದ 45 ಡಿಗ್ರಿ ಅಂತ ಮಿತಿ ಹಾಕಿ, 10 ಡಿಗ್ರಿಯೇ ಒಳ್ಳೇದು ಅನ್ನುತ್ತೆ. ಪಟ್ಟಿ ಗಿಡ್ಡವಾದಷ್ಟೂ ಹಿಗ್ಗುವುದು ಕಡಿಮೆ, ಹಾಗಾಗಿ ಪೈಪು ಸೀಟಿಗೆ ಹತ್ತಿರ ಇದ್ದರೆ ಇನ್ನೂ ಲಾಭ.

ಹಾಗಾದರೆ ಪೈಪು ಎಷ್ಟು ಎತ್ತರದಲ್ಲಿರಬೇಕು? ಇದಕ್ಕೆ ಕಾರಿನ ಡ್ರಾಯಿಂಗ್ ನೋಡಿ ಪ್ರಯೋಜನವಿಲ್ಲ, ಕೂರುವ ಮನುಷ್ಯನನ್ನೇ ನೋಡಬೇಕು. ರೇಸ್ ಸೂಟು, ಹೆಲ್ಮೆಟ್ ಹಾಕಿಸಿ, ಸೊಂಟದ ಪಟ್ಟಿ ಬಿಗಿದು ಗೆಳೆಯನನ್ನು ಹತ್ತು ನಿಮಿಷ ಸುಮ್ಮನೆ ಕೂರಿಸಿದರು. ಮೈ ಸಡಿಲವಾಗಿ ಸೀಟಿಗೆ ಒಗ್ಗಿದ ಮೇಲೆ ನಾನು ಮಟ್ಟಗೋಲು ಹಿಡಿದೆ. ಸೀಟಿನ ಬೆನ್ನಿನಿಂದ ಪೈಪಿಗೆ 25 ಸೆಂಟಿಮೀಟರ್. 10 ಡಿಗ್ರಿಗೆ ನಾಲ್ಕೂವರೆ ಸೆಂಟಿಮೀಟರ್ ಇಳಿಯಬೇಕು. ರೋಲ್ ಬಾರಿನ ಎರಡೂ ಕಾಲುಗಳ ಮೇಲೆ ಮೇಸ್ತ್ರಿ ಸೀಮೆಸುಣ್ಣದ ಗೆರೆ ಎಳೆದರು.

ಪೈಪಿನ ವಿಷಯದಲ್ಲೂ ಅವರು ಹಟ ಬಿಡಲಿಲ್ಲ. ಅಂಗಡಿಯಲ್ಲಿ ಸುಲಭವಾಗಿ ಸಿಗೋದು ತಗಡನ್ನು ಸುತ್ತಿ ಉದ್ದಕ್ಕೆ ಬೆಸೆದ ಪೈಪು. ನಮಗೆ ಬೇಕಿದ್ದದ್ದು ಬೆಸುಗೆಯ ಗೆರೆಯೇ ಇಲ್ಲದ, ತಣ್ಣಗೆ ಎಳೆದು ಮಾಡಿದ ಉಕ್ಕಿನ ಪೈಪು. ಹೊರಗೆ 38 ಮಿಲಿಮೀಟರ್, ದಪ್ಪ 2.5 ಮಿಲಿಮೀಟರ್. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತೆ. ಬೆಸೆದ ಪೈಪಿನೊಳಗೆ ಟಾರ್ಚ್ ಬಿಟ್ಟರೆ ಉದ್ದಕ್ಕೂ ಉಬ್ಬಿದ ಗೆರೆ ಕಾಣಬಹುದು. ಅವರು ಪ್ರತಿ ತುಂಡಿನೊಳಗೂ ಇಣುಕಿ ನೋಡಿಯೇ ಆರಿಸಿದರು. ಮೀಟರಿಗೆ ಸುಮಾರು 2.2 ಕೆಜಿ ತೂಕ. ಇಷ್ಟು ಹಗುರದ್ದು ಏನನ್ನು ತಡೆಯಬೇಕು ಗೊತ್ತಾ? 70 ಕೆಜಿಯ ಮನುಷ್ಯ ಡಿಕ್ಕಿಯಲ್ಲಿ ಗುರುತ್ವದ 30 ಪಟ್ಟು ವೇಗದಲ್ಲಿ ನಿಧಾನಗೊಂಡರೆ, ಆ ಕ್ಷಣಕ್ಕೆ ಅವನು ಎರಡು ಟನ್‌ಗೂ ಮೇಲೆ. ಅದರ ದೊಡ್ಡ ಪಾಲು ಈ ಪೈಪಿನ ಮೇಲೆ.

ಪೈಪಿನ ಎರಡು ತುದಿಗಳು ರೋಲ್ ಬಾರಿನ ದುಂಡಗಿನ ಕಾಲಿಗೆ ಕಚ್ಚಿ ಕೂರಬೇಕು. ಹಾಗಾಗಿ ತುದಿಯನ್ನು ಮೀನಿನ ಬಾಯಿಯ ಹಾಗೆ ಕತ್ತರಿಸಬೇಕು. ನನ್ನ ಡಿಗ್ರಿ ಉಪಯೋಗಕ್ಕೆ ಬಂದದ್ದು ಇಲ್ಲೇ. ಲ್ಯಾಪ್‌ಟಾಪಲ್ಲಿ ಪೈಥಾನ್‌ನ ಇಪ್ಪತ್ತು ಸಾಲು ಬರೆದು, 45 ಮಿಲಿಮೀಟರ್ ಕಾಲಿಗೆ 38ರ ಪೈಪು ಕೂರುವ ವಕ್ರರೇಖೆಯನ್ನು ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಅತಿ ಆಳದ ಜಾಗ ಹತ್ತೂವರೆ ಮಿಲಿಮೀಟರ್. ಮೇಸ್ತ್ರಿ ಕಾಗದವನ್ನು ಪೈಪಿಗೆ ಸುತ್ತಿ ನೋಡಿದರು, ತಲೆಯಾಡಿಸಿದರು, ಗೆರೆ ಹಾಕಿ ಕತ್ತರಿಸಿದರು. ಆಮೇಲೆ ಅರಕ್ಕಾಗದ ಬದಿಗಿಟ್ಟು ಅರ ಹಿಡಿದು ಒಂದು ಗಂಟೆ ಉಜ್ಜಿದರು. ಯಾಕಂದ್ರೆ ನನ್ನ ಲೆಕ್ಕದಲ್ಲಿ ಕಾಲುಗಳು ಪರಿಪೂರ್ಣ ದುಂಡಗೆ, ನೆಟ್ಟಗೆ ಇದ್ದವು. ನಿಜವಾದ ಕಾರಿನಲ್ಲಿ ಎರಡು ಕಾಲುಗಳೂ ಒಂದೇ ಥರ ಇರೋದಿಲ್ಲ. ಸಂದಿನಲ್ಲಿ ತೆಳು ಕಾಗದವೂ ತೂರದಷ್ಟು ಕೂತ ಮೇಲೇ ಅವರು ಅರ ಕೆಳಗಿಟ್ಟದ್ದು.

ಭಾನುವಾರ ಬೆಸುಗೆ. ಬ್ಯಾಟರಿ ಕಳಚಿ, ಸೀಟು ತೆಗೆದು, ಗಾಜಿನ ಮೇಲೆ ಒದ್ದೆ ಕಂಬಳಿ ಹೊದಿಸಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡರು. ಮೊದಲು ಎರಡು ತುದಿಗೂ ನಾಲ್ಕು ನಾಲ್ಕು ಚುಕ್ಕೆ ಬೆಸುಗೆ ಮಾತ್ರ. ಸೀಟು ಮತ್ತೆ ಜೋಡಿಸಿ, ಗೆಳೆಯನನ್ನು ಕೂರಿಸಿ ಇನ್ನೊಮ್ಮೆ ಅಳತೆ. ಬಿಸಿಗೆ ಹಿಗ್ಗಿದ ಲೋಹ ತಣಿಯುವಾಗ ಎಳೆಯುತ್ತೆ, ಒಂದೆರಡು ಮಿಲಿಮೀಟರ್ ಜರುಗಿದ್ದರೂ ಆಗಲೇ ಸರಿಮಾಡಬೇಕು. ಪೂರ್ತಿ ಬೆಸೆದ ಮೇಲೆ ನೀರು ಹಾಕಲಿಲ್ಲ, ಗಾಳಿಯಲ್ಲೇ ತಣಿಯೋಕೆ ಬಿಟ್ಟರು. ಉಬ್ಬನ್ನು ಉಜ್ಜಿ ನಯ ಮಾಡಲೂ ಇಲ್ಲ. ನಯ ಮಾಡಿದರೆ ಫೋಟೋಗೆ ಚೆಂದ, ಆದರೆ ಬಲ ಇರುವ ಲೋಹವೇ ಹೋಗುತ್ತೆ. ಪಟ್ಟಿ ಅಕ್ಕಪಕ್ಕ ಜಾರದ ಹಾಗೆ ಕೊನೆಗೆ ನಾಲ್ಕು ಪುಟ್ಟ ತಡೆಗಳನ್ನು ಬೆಸೆದರು.

ನಮ್ಮ ಕೆಲಸದಲ್ಲಿ ಯಾವ ಕೋಡ್ ಬರೆದರೂ ಟೆಸ್ಟ್ ಮಾಡ್ತೀವಿ. ತಪ್ಪಾದರೆ ರೋಲ್‌ಬ್ಯಾಕ್ ಇದೆ. ಈ ಪೈಪಿಗೆ ಇರೋದು ಒಂದೇ ಟೆಸ್ಟ್, ಅದು ನಡೆಯಲೇಬಾರದು. ಹಾಗಾಗಿ ಅದರ ಗುಣಮಟ್ಟವೆಲ್ಲ ಯಾರೂ ಪರೀಕ್ಷಿಸದ ಹೊತ್ತಿನಲ್ಲಿ, ಉಜ್ಜಿದ ಆ ಒಂದು ಗಂಟೆಯಲ್ಲಿ, ಇಣುಕಿದ ಆ ಟಾರ್ಚಿನಲ್ಲಿ ಇರುತ್ತೆ.

ಓದಿ ಉತ್ಸಾಹ ಬಂದಿದ್ದರೆ ಒಂದು ಮಾತು. ದಿನಾ ಆಫೀಸಿಗೆ ಓಡಿಸುವ ಕಾರಿಗೆ ಇದನ್ನು ಹಾಕಿಸಬೇಡಿ. ಕಾನೂನಿನ ತೊಡಕು ಒಂದು ಕಡೆ, ಹೆಲ್ಮೆಟ್ ಇಲ್ಲದ ತಲೆಯ ಹಿಂದೆಯೇ ಉಕ್ಕಿನ ಪೈಪು ಇರೋದು ಇನ್ನೊಂದು ಕಡೆ. ಗೆಳೆಯನ ಎಸ್ಟೀಮ್ ಕೂಡ ಟ್ರ್ಯಾಕಿಗೆ ಹೋಗೋದು ಲಾರಿಯ ಮೇಲೆ.

ಹೊರಡುವಾಗ ಗೆಳೆಯ ನನಗೂ ಒಂದು ರೌಂಡ್ ಓಡಿಸೋಕೆ ಕೊಡ್ತೀನಿ ಅಂದ. ಮೇಸ್ತ್ರಿ ನನ್ನ ಭುಜ ನೋಡಿದರು. ನಾನು ಅವನಿಗಿಂತ ಮೂರಿಂಚು ಉದ್ದ. ‘ನೀವು ಓಡಿಸೋದಾದ್ರೆ ಮೊದಲು ಸೀಟು ಇಳಿಸಿ, ಮತ್ತೆ ಅಳೀಬೇಕು’ ಅಂದವರೇ ಸೀಮೆಸುಣ್ಣ ತರೋಕೆ ಒಳಗೆ ಹೋದರು.