ಒಂದೇ ಚಾಪೆ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂದು ಹಿರಿಯರು ಹೇಳಿದ್ದಾರೆ. ಒಂದೇ ಚಾಪೆಯ ಮೇಲೆ ಇಬ್ಬರು ಮಲಗಿದಾಗ ಯಾರು ಎಷ್ಟು ಚಾಚಬೇಕೆಂಬುದನ್ನು ಮಾತ್ರ ಅವರು ಹೇಳದೆ ಹೋದರು. ಆ ಪಾಠವನ್ನು ನಾನು ಕಲಿತದ್ದು ನಮ್ಮ ಕಾಲೇಜಿನ ಕನ್ನಡ ವಿಭಾಗದಲ್ಲಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಪಾಲಿಗೆ ಕಾವ್ಯ ಕಡಿಮೆ, ಕಾಗದ ಹೆಚ್ಚು. ಹಾಜರಿ ಪುಸ್ತಕ, ಆಂತರಿಕ ಪರೀಕ್ಷೆಯ ಅಂಕಪಟ್ಟಿ, ಅದನ್ನೇ ಮತ್ತೆ ಕಂಪ್ಯೂಟರಿಗೆ ಉಣಿಸುವ ಉಪಚಾರ. ಕುಮಾರವ್ಯಾಸನನ್ನು ಪಾಠ ಹೇಳಬೇಕೆಂದು ಎಂ.ಎ. ಓದಿದವನು ಗುಮಾಸ್ತನಾದೆನಲ್ಲ ಎಂದು ಕೊರಗಿದೆ. ಕೊನೆಗೊಂದು ಉಪಾಯ ಹೊಳೆಯಿತು. ಪ್ರತಿದಿನ ಸಂಜೆ ನಾಲ್ಕಕ್ಕೆ ಆಸಕ್ತ ವಿದ್ಯಾರ್ಥಿಗಳನ್ನು ಕೂಡಿಸಿ ಭಾಮಿನಿ ಷಟ್ಪದಿಯ ವಾಚನ ಆರಂಭಿಸಿದೆ. ಯಾರೂ ಹೇಳಿದ್ದಲ್ಲ, ನಾನೇ ಕಟ್ಟಿಕೊಂಡ ಕೆಲಸ. ಮೂರು-ನಾಲ್ಕು ಮಾತ್ರೆಗಳ ಆ ನಡಿಗೆ ವಾಣಿಜ್ಯ ತರಗತಿಯ ಹುಡುಗರ ನಾಲಿಗೆಗೂ ಹತ್ತಿತು. ಪ್ರಾಂಶುಪಾಲರು ವಾರ್ಷಿಕೋತ್ಸವದಲ್ಲಿ ನನ್ನ ಹೆಸರೆತ್ತಿ ಕೊಂಡಾಡಿದರು. ಬೆಳಗ್ಗೆ ಕಾಲೇಜಿನ ಕಡೆಗೆ ನಡೆಯುವ ಕಾಲಿಗೆ ಹುರುಪು ಬಂತು.

ಕಾಗದಗಳೇನಾದವು? "ಇದೊಂದು ಸಲ ನೋಡಿಕೊಳ್ಳುತ್ತೀರಾ, ಮೇಡಂ? ಸಂಜೆ ಗೋಷ್ಠಿಯಿದೆ" ಎಂದು ಹಿರಿಯ ಸಹೋದ್ಯೋಗಿನಿಯೊಬ್ಬರನ್ನು ಕೇಳಿದ್ದೆ. ಆ 'ಒಂದು ಸಲ' ಎರಡು ವರ್ಷ ನಡೆಯಿತೆಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ.

ಒಂದು ಮಳೆಯ ಸಂಜೆ, ಮರೆತ ಕೊಡೆಗಾಗಿ ಅಧ್ಯಾಪಕರ ಕೊಠಡಿಗೆ ಹಿಂತಿರುಗಿದೆ. ಅವರೊಬ್ಬರೇ ದೀಪದ ಕೆಳಗೆ ಕುಳಿತು ಬರೆಯುತ್ತಿದ್ದರು. ಮುಂದಿದ್ದುದು ನನ್ನ ತರಗತಿಯ ಹಾಜರಿ ಪುಸ್ತಕ. ಪುಟದಿಂದ ಪುಟಕ್ಕೆ ಅವರದೇ ಅಕ್ಷರ.

"ಗೋಷ್ಠಿ ಮುಗಿಯಿತೇ, ಸರ್? ಇಲ್ಲಿಗೂ ಕೇಳಿಸುತ್ತದೆ" ಎಂದರು. ಸ್ವಲ್ಪ ತಡೆದು, "ಒಂದು ಕಾಲದಲ್ಲಿ ನಾನೂ ಷಟ್ಪದಿ ಹಾಡುತ್ತಿದ್ದೆ" ಎಂದು ಮತ್ತೆ ತಲೆ ಬಗ್ಗಿಸಿದರು.

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಕೊಡೆ ಹಿಡಿದೂ ನೆನೆದವನಂತೆ ಮನೆ ಸೇರಿದೆ.

ನನ್ನಂಥವರನ್ನು ಕುರಿತು ವಿದ್ವಾಂಸರು ಶಾಸ್ತ್ರವನ್ನೇ ಕಟ್ಟಿದ್ದಾರೆಂದು ಆಮೇಲೆ ಓದಿದೆ. ತನ್ನ ಉದ್ಯೋಗವನ್ನು ತಾನೇ ತಿದ್ದಿಕೊಳ್ಳುವುದಕ್ಕೆ ಅಮೆರಿಕದ ಆಮಿ ರೆಸ್ನೆಸ್ಕಿ, ಜೇನ್ ಡಟನ್ ಎಂಬ ವಿದುಷಿಯರು ೨೦೦೧ರಲ್ಲಿ 'ಜಾಬ್ ಕ್ರಾಫ್ಟಿಂಗ್' ಎಂದು ಹೆಸರಿಟ್ಟರು. ಆಸ್ಪತ್ರೆಯ ಕಸ ಗುಡಿಸುವವರಲ್ಲಿ ಕೆಲವರು, ತಮ್ಮದೂ ರೋಗಿಯನ್ನು ಗುಣಪಡಿಸುವ ಕೆಲಸವೆಂದೇ ಬಗೆದು, ರೋಗಿಗಳಿಗೆ ನಾಲ್ಕು ಮಾತು ಆಡುತ್ತ, ವಾರ್ಡಿನ ಉಳಿದವರ ಕೆಲಸಕ್ಕೆ ಅನುಕೂಲವಾಗುವಂತೆ ತಮ್ಮ ವೇಳೆಯನ್ನು ಹೊಂದಿಸಿಕೊಳ್ಳುತ್ತಿದ್ದರಂತೆ. ಓದಿ ಹಿಗ್ಗಿದೆ. ಆದರೆ ೨೦೧೫ರಲ್ಲಿ ಹಾಲೆಂಡಿನ ಮಾರಿಯ ಟಿಮ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಇನ್ನೊಂದು ಅಧ್ಯಯನ ಹಿಗ್ಗನ್ನು ಇಳಿಸಿತು. ತೊಡಕಿನ ಕೆಲಸವನ್ನು ತಾನು ತಗ್ಗಿಸಿಕೊಂಡವನ ಜೊತೆಗಾರನಲ್ಲಿ ಹೊರೆಯೂ ಮನಸ್ತಾಪವೂ ಹೆಚ್ಚಾಗಿ ಕಂಡವೆಂದು ಅದು ಹೇಳುತ್ತದೆ. ಗುಡಿಸುವವರು ಕೆಲಸ ಕೂಡಿಸಿಕೊಂಡರು. ನಾನು ಕೂಡಿಸಿಕೊಂಡದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಕಳೆದದ್ದು ಮಾಯವಾಗಲಿಲ್ಲ, ಪಕ್ಕದ ಮೇಜಿಗೆ ಹೋಗಿ ಕುಳಿತಿತ್ತು.

ಈಗ ಗೋಷ್ಠಿ ವಾರಕ್ಕೆ ಎರಡೇ ದಿನ. ನನ್ನ ಹಾಜರಿ ಪುಸ್ತಕವನ್ನು ನಾನೇ ತುಂಬುತ್ತೇನೆ. ಒಂದು ದಿನದ ವಾಚನ ನನ್ನದು, ಇನ್ನೊಂದು ದಿನದ್ದು ಅವರದು. ಅವರ ದಿನವೇ ಹುಡುಗರು ಹೆಚ್ಚು ಬರುತ್ತಾರೆ. ಗೋಷ್ಠಿಗೂ ಒಂದು ಹಾಜರಿ ಪುಸ್ತಕವಿದ್ದು, ಅದನ್ನೂ ನಾನೇ ಬರೆಯುವುದರಿಂದ ಈ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ.