ಸೆಲ್ಯೂಟ್ ಸಿಗದ ಸಾವು

ಲಿಂಕನ್ ಹತ್ಯೆಯ ಸಂಚಿನ ಬಗ್ಗೆ ಗಂಟೆಗಟ್ಟಲೆ ಕೊರೆಯುವವನು ಪತ್ತೇದಾರ ಸ್ಟೀವ್ ಕ್ರೊಸೆಟ್ಟಿ. ಬಾಲ್ಟಿಮೋರ್ ಪೊಲೀಸರ ಕಥೆಯಾದ ‘ಹೊಮಿಸೈಡ್: ಲೈಫ್ ಆನ್ ದ ಸ್ಟ್ರೀಟ್’ ಧಾರಾವಾಹಿಯ ಈ ವಾಚಾಳಿ, ರಜೆಗೆಂದು ಹೋದವನು, 1994ರ ಡಿಸೆಂಬರ್‌ನ ಕಂತಿನಲ್ಲಿ ಹೆಣವಾಗಿ ಸಿಗುತ್ತಾನೆ.

ಜೊತೆಗಾರ ಮೆಲ್ಡ್ರಿಕ್ ಲೂಯಿಸ್ ಅದು ಕೊಲೆಯೇ ಎಂದು ಹಟ ಹಿಡಿಯುತ್ತಾನೆ. ತನಿಖೆ ನಡೆಸುವ ಸಹೋದ್ಯೋಗಿ ಬೊಲಾಂಡರ್ ಮೇಲೆ ಸಿಡುಕುತ್ತಾನೆ. ದಿನಾ ಒಂದೇ ಕಾರಿನಲ್ಲಿ ಊರು ಸುತ್ತಿದ ತನಗೇ ಏನೂ ತಿಳಿಯಲಿಲ್ಲ ಎಂದು ಒಪ್ಪುವುದಕ್ಕಿಂತ ಇಲ್ಲದ ಕೊಲೆಗಾರನನ್ನು ಹುಡುಕುವುದೇ ಅವನಿಗೆ ಸುಲಭ. ಕಂತಿನ ಜೀವ ಇರುವುದು ಇಲ್ಲಿ. ಕ್ರೊಸೆಟ್ಟಿ ಯಾಕೆ ಹಾಗೆ ಮಾಡಿಕೊಂಡ ಎಂಬುದನ್ನು ಅದು ಬಿಡಿಸಿ ಹೇಳುವುದಿಲ್ಲ, ಒಳ್ಳೆಯದೇ ಆಯಿತು.

ಇಲಾಖೆಗೆ ಮಾತ್ರ ಗೊಂದಲವಿಲ್ಲ: ಆತ್ಮಹತ್ಯೆ, ಹಾಗಾಗಿ ಅಂತ್ಯಸಂಸ್ಕಾರಕ್ಕೆ ಪೊಲೀಸ್ ಗೌರವವಿಲ್ಲ. ಕಥೆಯ ಮಾತಿರಲಿ, ಕರ್ತವ್ಯದ ಆಘಾತದಿಂದ ಜೀವ ಕಳೆದುಕೊಂಡ ಇಂಥ ಪೊಲೀಸರ ಕುಟುಂಬಗಳಿಗೆ ಅಮೆರಿಕದ ಕೇಂದ್ರ ಸರ್ಕಾರದ ಪರಿಹಾರದ ದಾರಿ ಸಲೀಸಾದದ್ದು 2022ರ ಕಾಯ್ದೆಯಿಂದ.

ಅಂತ್ಯಸಂಸ್ಕಾರಕ್ಕಾಗಿ ಚರ್ಚಿನೊಳಗೆ ಕಾಲಿಡಲಾರೆ ಎಂದಿದ್ದ ಮತ್ತೊಬ್ಬ ಪತ್ತೇದಾರ ಫ್ರಾಂಕ್ ಪೆಂಬಲ್ಟನ್, ಶವಯಾತ್ರೆ ಠಾಣೆಯ ಮುಂದೆ ಹಾದುಹೋಗುವಾಗ ಪೂರ್ಣ ಸಮವಸ್ತ್ರದಲ್ಲಿ ಒಬ್ಬನೇ ನಿಂತು ಸೆಲ್ಯೂಟ್ ಹೊಡೆಯುತ್ತಾನೆ. ಪೆಂಬಲ್ಟನ್ ಪಾತ್ರ ವಹಿಸಿದ ಆಂಡ್ರೆ ಬ್ರಾವರ್‌ಗೆ ಅಲ್ಲಿ ಸಂಭಾಷಣೆಯ ಹಂಗೇ ಬೇಕಾಗಲಿಲ್ಲ.